ಹೊರರಾಜ್ಯದವರಿಗೆ ದುಬಾರಿ ಪರವಾನಿಗೆ: ಬೇಟೆಗೆ ಒಂದು ನ್ಯಾಯ, ವ್ಯಾಪಾರಕ್ಕೆ ಇನ್ನೊಂದು

ತಿಕೋಟಾ ಹಾಗೂ ಬಬಲೇಶ್ವರ ಭಾಗದ ಶೆಡ್‌ಗಳಲ್ಲಿ ಒಣದ್ರಾಕ್ಷಿ ಸಿದ್ಧವಾಗಿ, ಮಾಲು ಜತ್ತ ಮಾರ್ಗವಾಗಿ ತಾಸಗಾಂವ, ಸಾಂಗಲಿ ಪೇಟೆಗಳತ್ತ ಸಾಗುವ ಕಾಲಕ್ಕೆ ನಮ್ಮ ವರ್ತಕ ಬಾಂಧವರ ನಡುವೆ ಒಂದು ಮಾತು ತಪ್ಪದೆ ಏಳುತ್ತದೆ. ಹೊರರಾಜ್ಯದಿಂದ ಬಂದು ಇಲ್ಲಿ ಖರೀದಿ ಮಾಡುವವರಿಗೆ ಸ್ಥಳೀಯರಿಗಿಂತ ಹೆಚ್ಚಿನ ಲೈಸೆನ್ಸ್ ಶುಲ್ಕವನ್ನು ಏಕೆ ವಿಧಿಸಬಾರದು ಎಂಬುದೇ ಆ ಮಾತು. ಇದಕ್ಕೆ ಆಧಾರವಾಗಿ ಕೆಲವರು ಅಮೆರಿಕದ ದೃಷ್ಟಾಂತವನ್ನೂ ಕೊಡುವುದುಂಟು. ಅಲ್ಲಿ ನೆಲೆಸಿರುವ ಬಂಧುಗಳಿಂದ ಕೇಳಿ ತಿಳಿದಂತೆ, ಒಂದು ರಾಜ್ಯದ ನಿವಾಸಿಯು ಬೇಟೆಯ ಪರವಾನಿಗೆಗೆ ಕೊಡುವ ಹಣದ ಹತ್ತಾರು ಪಟ್ಟನ್ನು ನೆರೆರಾಜ್ಯದ ಬೇಟೆಗಾರನು ತೆರಬೇಕಾಗುತ್ತದೆ. ಅಷ್ಟು ಮುಂದುವರಿದ ದೇಶದಲ್ಲಿಯೇ ಹೀಗಿರುವಾಗ ನಮ್ಮಲ್ಲಿ ಏನು ತಪ್ಪು ಎಂಬುದು ಅವರ ವಾದ.

ದೃಷ್ಟಾಂತವು ನಿಜ. ಆದರೆ ಅದರಿಂದ ತೆಗೆಯುವ ತೀರ್ಮಾನವು ಸರಿಯಲ್ಲ. ಅದೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೇಟೆಗಾರನ ದುಬಾರಿ ಶುಲ್ಕವನ್ನು ಎತ್ತಿಹಿಡಿದು, ಮೀನುಗಾರನ ದುಬಾರಿ ಶುಲ್ಕವನ್ನು ರದ್ದುಪಡಿಸಿದೆ. ಈ ಎರಡರ ನಡುವಿನ ಅಂತರವನ್ನು ತಿಳಿದುಕೊಂಡರೆ ಗಡಿ ದಾಟುವಾಗ ನಾವು ಕೊಡಬೇಕಾದುದೆಷ್ಟು, ಕೊಡಬೇಕಾಗಿಲ್ಲದ್ದು ಯಾವುದು, ಇತರರಿಂದ ಕೇಳಬಾರದ್ದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಆದ್ದರಿಂದ ಬೇಟೆಯ ವಿಷಯದಿಂದಲೇ ಆರಂಭಿಸುವುದು ಅನುಕೂಲ.

ನಮ್ಮಲ್ಲಿ ಬೇಟೆಯ ಪರವಾನಿಗೆ

ಮೊದಲಿಗೆ ಒಂದು ಸಂಗತಿ ಖಚಿತವಾಗಬೇಕು. ಭಾರತದಲ್ಲಿ ಇಂದು ಮೋಜಿಗಾಗಿ ಕಾಡುಪ್ರಾಣಿಯನ್ನು ಬೇಟೆಯಾಡಲು ಯಾವ ಬೆಲೆಗೂ ಪರವಾನಿಗೆ ದೊರೆಯುವುದಿಲ್ಲ. ಸ್ಥಳೀಯನಿಗೂ ಇಲ್ಲ, ಹೊರರಾಜ್ಯದವನಿಗೂ ಇಲ್ಲ, ವಿದೇಶಿಯನಿಗೂ ಇಲ್ಲ.

ಹಿಂದೆ ಹೀಗಿರಲಿಲ್ಲ. ದಖ್ಖನಿನ ಎರೆನೆಲದ ಬಯಲು ಚಿಗರಿಗಳ ತವರಾಗಿತ್ತು. ನೆರೆಯ ಕೊಲ್ಲಾಪುರದ ಅರಸರು ಪಳಗಿಸಿದ ಚೀತಾಗಳನ್ನು ಬಿಟ್ಟು ಕೃಷ್ಣಮೃಗಗಳನ್ನು ಹಿಡಿಸುತ್ತಿದ್ದುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ನಡೆದ ಸಂಗತಿ. ದೇಶದ ಚೀತಾಗಳು ಕಡಿಮೆಯಾದಾಗ ಆಫ್ರಿಕಾದಿಂದ ತರಿಸಿಯೂ ಸಾಕಿದ್ದರು. ವಿಜಯಪುರವು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ 1951ರ ಮುಂಬಯಿ ವನ್ಯಮೃಗ ಮತ್ತು ವನ್ಯಪಕ್ಷಿ ಸಂರಕ್ಷಣಾ ಕಾಯ್ದೆಯು ಇಲ್ಲಿಗೂ ಅನ್ವಯಿಸುತ್ತಿತ್ತು. ಮುಂದೆ 1972ರಲ್ಲಿ ಬಂದ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೇಟೆಯನ್ನು ಒಮ್ಮೆಲೇ ಪೂರ್ಣವಾಗಿ ನಿಷೇಧಿಸಲಿಲ್ಲ. ಅದರ ಮೂಲ 9ನೆಯ ಕಲಮಿನಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಹಾಗೂ ಪ್ರಾಣಿ ಹಿಡಿಯುವಿಕೆ ಎಂಬ ನಾಲ್ಕು ಬಗೆಯ ಪರವಾನಿಗೆಗಳಿಗೆ ಶುಲ್ಕ ಪಡೆದು ಅನುಮತಿ ನೀಡಲು ಅವಕಾಶವಿತ್ತು. ಹುಲಿ ಬೇಟೆಯು 1970ರಲ್ಲಿಯೇ ನಿಂತಿತ್ತು. ಅದಕ್ಕೂ ಮೊದಲಿನ ಎರಡು ದಶಕಗಳಲ್ಲಿ ಶಿಕಾರಿ ಕಂಪನಿಗಳು ವಿದೇಶಿ ಶ್ರೀಮಂತರನ್ನು ಕರೆತಂದು ಡಾಲರ್ ಲೆಕ್ಕದಲ್ಲಿ ಹುಲಿ ಬೇಟೆ ಆಡಿಸುತ್ತಿದ್ದವು. ಕೊಂದ ಪ್ರಾಣಿಯ ಚರ್ಮವನ್ನು ಹದಮಾಡಿ ಜೀವಂತವಿದ್ದಂತೆ ನಿಲ್ಲಿಸಿಕೊಡುವ ಉದ್ದಿಮೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯು ಜಗತ್ಪ್ರಸಿದ್ಧವಾಗಿತ್ತು. ಅಂದರೆ ಬೇಟೆಯ ಸುತ್ತ ಒಂದು ವ್ಯಾಪಾರವೇ ಬೆಳೆದಿತ್ತು.

ಈ ಪರವಾನಿಗೆ ಪದ್ಧತಿಗೆ 1991ರ ತಿದ್ದುಪಡಿಯು ಮಂಗಳ ಹಾಡಿತು. ಅಂದಿನಿಂದ 11 ಮತ್ತು 12ನೆಯ ಕಲಮುಗಳ ವಿನಾಯಿತಿಗಳನ್ನು ಬಿಟ್ಟರೆ ಅನುಸೂಚಿಗಳಲ್ಲಿರುವ ಯಾವ ಪ್ರಾಣಿಯನ್ನೂ ಬೇಟೆಯಾಡುವಂತಿಲ್ಲ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳನ್ನು ಮರುಜೋಡಿಸಿತು, ದಂಡವನ್ನೂ ಏರಿಸಿತು. ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ. ಕೃಷ್ಣಮೃಗ, ನವಿಲು ಮೊದಲಾದ ಒಂದನೆಯ ಅನುಸೂಚಿಯ ಪ್ರಾಣಿಗಳಾದರೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ 25,000 ರೂ.ಗೆ ಕಡಿಮೆಯಿಲ್ಲದ ದಂಡ. ಹೊರರಾಜ್ಯದ ಬೇಟೆಗಾರನು ನಮ್ಮ ದೇಶದಲ್ಲಿ ತೆರುವ ನಿಜವಾದ ಬೆಲೆಯೆಂದರೆ ಇದು. ಮುಂಬಯಿಯ ಚಿತ್ರನಟರೊಬ್ಬರ ಮೇಲೆ 1998ರಲ್ಲಿ ಜೋಧಪುರದ ಬಳಿ ಕೃಷ್ಣಮೃಗಗಳನ್ನು ಬೇಟೆಯಾಡಿದರೆಂದು ಹೂಡಲಾದ ಮೊಕದ್ದಮೆಯಲ್ಲಿ ವಿಚಾರಣಾ ನ್ಯಾಯಾಲಯವು 5 ವರ್ಷಗಳ ಶಿಕ್ಷೆ ವಿಧಿಸಿದ್ದು 2018ರಲ್ಲಿ. ಅದರ ಮೇಲೆ ಮೇಲ್ಮನವಿಯೂ ಆಯಿತು. ಅಷ್ಟು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿಳಿಯುವ ವೆಚ್ಚವನ್ನು ಯಾವ ಶುಲ್ಕಪಟ್ಟಿಯಲ್ಲಿಯೂ ಕಾಣಲಾಗದು.

ಬೇಟೆಯನ್ನೇ ಕಸುಬಾಗಿ ಹೊಂದಿದ್ದ ನಮ್ಮ ಭಾಗದ ಹರಣಶಿಕಾರಿ ಸಮುದಾಯದವರಿಗೆ ಈ ಕಾಯ್ದೆಯಿಂದ ಜೀವನೋಪಾಯವೇ ತಪ್ಪಿತು. ಶಿಕಾರಿ ಕಂಪನಿಗಳು ಪ್ರವಾಸೋದ್ಯಮದತ್ತ ತಿರುಗಿಕೊಂಡವು. ಇವರಿಗೆ ತಿರುಗಿಕೊಳ್ಳಲು ಬಂಡವಾಳವಿರಲಿಲ್ಲ. ಈ ಲೇಖನದ ವ್ಯಾಪ್ತಿಗೆ ಸೇರದಿದ್ದರೂ ಹೇಳದೆ ಮುಂದುವರಿಯುವುದು ಸರಿಯೆನಿಸಲಿಲ್ಲ.

ಇನ್ನು ವಿನಾಯಿತಿಯ ಮಾತು. ಕಾಲುವೆ ನೀರು ಬಂದು ಕಬ್ಬು ಹಬ್ಬಿದ ಕಡೆಗಳಲ್ಲಿ ಕಾಡುಹಂದಿಯ ಕಾಟವನ್ನು ಬೆಳೆಗಾರರು ಬಲ್ಲರು. ಪ್ರಾಣಿಯು ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯಕಾರಿಯೆಂದು ಕಂಡುಬಂದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣಗಳನ್ನು ದಾಖಲಿಸಿ ಲಿಖಿತ ಅನುಮತಿ ನೀಡಬಹುದು. ಇದು ಮಾರಾಟಕ್ಕಿರುವ ಪರವಾನಿಗೆಯಲ್ಲ. ಹೀಗೆ ಕೊಂದ ಪ್ರಾಣಿಯು ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಹಂಚುವುದಾಗಲಿ ಮಾರುವುದಾಗಲಿ ಅಪರಾಧ. ಬಂದೂಕಿನ ಲೈಸೆನ್ಸ್ ಬೇರೆ, ಬೇಟೆಯ ಅನುಮತಿ ಬೇರೆ ಎಂಬುದನ್ನೂ ಮರೆಯಬಾರದು. ಬಿಹಾರದ ಮೊಕಾಮಾದಲ್ಲಿ 2016ರಲ್ಲಿ ಬೆಳೆ ಹಾಳುಮಾಡುತ್ತಿದ್ದ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಕೊಲ್ಲಲು ಹೈದರಾಬಾದಿನಿಂದ ಗುರಿಕಾರರನ್ನು ಕರೆಸಲಾಯಿತು. ನಮ್ಮ ದೇಶದಲ್ಲಿ ಹೊರರಾಜ್ಯದ ಬೇಟೆಗಾರನು ಕಾನೂನುಬದ್ಧವಾಗಿ ಕಾಣಿಸಿಕೊಳ್ಳುವುದು ಹೀಗೆ: ಶುಲ್ಕ ತೆತ್ತು ಬರುವ ಅತಿಥಿಯಾಗಿ ಅಲ್ಲ, ಸರ್ಕಾರವೇ ಕರೆಸಿಕೊಂಡ ಕೆಲಸಗಾರನಾಗಿ.

ಕಿರಾಣಿ ಹಾಗೂ ಹಾರ್ಡ್‌ವೇರ್ ವರ್ತಕರಿಗೆ ಇಲ್ಲಿ ಒಂದು ಎಚ್ಚರಿಕೆ. ಮುಂಗುಸಿ ಕೂದಲಿನ ಬಣ್ಣದ ಕುಂಚಗಳ ಮಾರಾಟವು ನಿಷಿದ್ಧ. ಹಳೆಯ ದಾಸ್ತಾನೆಂಬ ಸಮಜಾಯಿಷಿಯು ನಡೆಯುವುದಿಲ್ಲ. ದಂತದ ವಸ್ತುಗಳ ದಾಸ್ತಾನು ಹೊಂದಿದ್ದ ವರ್ತಕರು ವ್ಯಾಪಾರದ ಹಕ್ಕಿನ ಹೆಸರಿನಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರೂ 2003ರ ಬಲರಾಮ ಕುಮಾವತ್ ತೀರ್ಪಿನಲ್ಲಿ ನಿಷೇಧವೇ ಗೆದ್ದಿತು. ಸಾವಿರಾರು ವರ್ಷಗಳ ಹಿಂದೆ ನಶಿಸಿದ ಮ್ಯಾಮತ್ ಆನೆಯ ದಂತವೆಂದು ವಾದಿಸಿದರೂ ಫಲಿಸಲಿಲ್ಲ.

ಅಮೆರಿಕದ ಲೆಕ್ಕ

ಅಮೆರಿಕದಲ್ಲಿ ಕಾಡುಪ್ರಾಣಿಗಳ ಆಡಳಿತವು ಬಹುಮಟ್ಟಿಗೆ ಆಯಾ ರಾಜ್ಯದ ಹೊಣೆ. ಟೆಕ್ಸಾಸ್ ರಾಜ್ಯದಲ್ಲಿ ನಿವಾಸಿಯ ಸಾಮಾನ್ಯ ಬೇಟೆ ಪರವಾನಿಗೆಗೆ 25 ಡಾಲರ್ ಇದ್ದರೆ ಹೊರರಾಜ್ಯದವನಿಗೆ 315 ಡಾಲರ್ ಎಂಬ ದರವು ಬಹುಕಾಲದಿಂದ ಇದೆ. ಹನ್ನೆರಡು ಪಟ್ಟಿಗೂ ಹೆಚ್ಚು. ಎಲ್ಕ್ ಎಂಬ ದೊಡ್ಡ ಜಾತಿಯ ಸಾರಂಗವಿರುವ ಪಶ್ಚಿಮದ ಪರ್ವತ ರಾಜ್ಯಗಳಲ್ಲಿ ಹೊರಗಿನವನ ಶುಲ್ಕವು ಇದಕ್ಕಿಂತಲೂ ಬಹಳ ಹೆಚ್ಚು.

ಈ ಶುಲ್ಕಕ್ಕೆ ಅಲ್ಲಿನವರು ಕೊಡುವ ಸಮರ್ಥನೆಯನ್ನು ವರ್ತಕರಾದ ನಾವು ಸುಲಭವಾಗಿ ಗ್ರಹಿಸಬಹುದು. ಕಾಡು, ಮೇವು, ಕಾವಲುಗಾರರ ಸಂಬಳ, ಬೆಳೆಹಾನಿ ಇವೆಲ್ಲದರ ಭಾರವನ್ನು ಆ ರಾಜ್ಯದ ನಿವಾಸಿಯು ತನ್ನ ತೆರಿಗೆಯ ಮೂಲಕ ವರ್ಷವಿಡೀ ಹೊತ್ತಿರುತ್ತಾನೆ. ಹೊರಗಿನವನು ವಾರವೊಂದಕ್ಕೆ ಬಂದು ಫಲವನ್ನು ಮಾತ್ರ ಒಯ್ಯುತ್ತಾನೆ. ಪಾಲುದಾರನಲ್ಲದವನು ಫಸಲು ಕೇಳಿದರೆ ಬೆಲೆ ಬೇರೆಯಾಗುತ್ತದೆ. ಇದರ ಜೊತೆಗೆ 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ತಯಾರಕರಿಂದ ಕೇಂದ್ರವು ಶೇ. 10-11ರಷ್ಟು ಸುಂಕ ಪಡೆದು ಅದನ್ನು ರಾಜ್ಯಗಳಿಗೆ ಹಂಚುತ್ತದೆ. ರಾಜ್ಯದ ವಿಸ್ತೀರ್ಣದ ಜೊತೆಗೆ ಶುಲ್ಕ ತೆತ್ತ ಬೇಟೆಗಾರರ ಸಂಖ್ಯೆಯೂ ಹಂಚಿಕೆಗೆ ಆಧಾರ. ಆದ್ದರಿಂದ ಹೊರಗಿನ ಬೇಟೆಗಾರನು ರಾಜ್ಯಕ್ಕೆ ಎರಡು ಬಗೆಯಲ್ಲಿ ಆದಾಯ ತರುತ್ತಾನೆ.

ಪಾಕಿಸ್ತಾನದಲ್ಲಿ ಇದೇ ತತ್ವವು ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಮಾರ್ಖೋರ್ ಎಂಬ ಕಾಡುಮೇಕೆಯ ಬೆರಳೆಣಿಕೆಯ ಪರವಾನಿಗೆಗಳನ್ನು ಪ್ರತಿ ವರ್ಷ ಹರಾಜು ಹಾಕುತ್ತಾರೆ. ವಿದೇಶಿ ಬೇಟೆಗಾರರ ಬಿಡ್ಡು 1 ಲಕ್ಷ ಡಾಲರ್ ಮೀರಿದ ಉದಾಹರಣೆಗಳಿವೆ. ಅದರಲ್ಲಿ ಶೇ. 80ರಷ್ಟು ಸ್ಥಳೀಯ ಹಳ್ಳಿಗಳಿಗೆ ಸಲ್ಲುತ್ತದೆ. ಹಣವು ತಮ್ಮ ಕೈಸೇರುವುದರಿಂದ ಹಳ್ಳಿಗರೇ ಕಳ್ಳಬೇಟೆಯನ್ನು ತಡೆಯುತ್ತಾರೆಂದು ಆ ವ್ಯವಸ್ಥೆಯ ಪರವಾದವರು ಹೇಳುತ್ತಾರೆ. ಪ್ರಾಣಿಯನ್ನು ಕೊಂದು ಉಳಿಸುವ ಈ ಮಾರ್ಗವು ನಮ್ಮ ಜನರ ಮನಸ್ಸಿಗೆ ಒಪ್ಪುವುದು ಕಠಿಣ. ಹಣವು ಯಾರಿಗೆ ಸೇರಬೇಕೆಂಬ ಅವರ ಲೆಕ್ಕ ಮಾತ್ರ ಗಮನಾರ್ಹ.

ಎರಡು ತೀರ್ಪುಗಳು

ಮೊಂಟಾನಾ ರಾಜ್ಯವು 1976ರಲ್ಲಿ ಎಲ್ಕ್ ಬೇಟೆಗೆ ನಿವಾಸಿಯಿಂದ 9 ಡಾಲರ್ ಪಡೆಯುತ್ತಿತ್ತು. ಹೊರರಾಜ್ಯದವನು ಎಲ್ಕ್ ಒಂದನ್ನೇ ಬೇಟೆಯಾಡಬಯಸಿದರೂ ಹಲವು ಪ್ರಾಣಿಗಳ ಸಂಯುಕ್ತ ಪರವಾನಿಗೆಯನ್ನೇ ಕೊಳ್ಳಬೇಕಾಗಿತ್ತು. ಅದರ ಬೆಲೆ 225 ಡಾಲರ್. ಅಂದರೆ 25 ಪಟ್ಟು. ಅದೇ ಸಂಯುಕ್ತ ಪರವಾನಿಗೆಯು ನಿವಾಸಿಗೆ 30 ಡಾಲರಿಗೆ ದೊರೆಯುತ್ತಿತ್ತು.

ಇದನ್ನು ಪ್ರಶ್ನಿಸಿದವರಲ್ಲಿ ಮಿನ್ನೆಸೋಟಾ ರಾಜ್ಯದ ಬೇಟೆಗಾರರಿದ್ದರು. ಆದರೆ ಮೊದಲ ಅರ್ಜಿದಾರರು ಮೊಂಟಾನಾದ ನಿವಾಸಿಯೇ ಆಗಿದ್ದರು ಎಂಬುದು ನಮ್ಮಂಥವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಬೇಟೆಗಾರರಿಗೆ ಕುದುರೆ, ಡೇರೆ, ಮಾರ್ಗದರ್ಶನ ಒದಗಿಸುವುದು ಅವರ ವೃತ್ತಿ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಹೊರರಾಜ್ಯದವರು. ತನ್ನದೇ ಸರ್ಕಾರವು ಹೊರಗಿನವರ ಮೇಲೆ ಹಾಕಿದ ಹೊರೆಯಿಂದ ಪೆಟ್ಟು ಬಿದ್ದದ್ದು ಒಳಗಿನ ವ್ಯಾಪಾರಿಯ ಗಲ್ಲೆಗೆ.

1978ರಲ್ಲಿ ಸರ್ವೋಚ್ಚ ನ್ಯಾಯಾಲಯವು 6-3ರ ಬಹುಮತದಿಂದ ರಾಜ್ಯದ ಪರವಾಗಿ ತೀರ್ಪಿತ್ತಿತು. ಎಲ್ಕ್ ಬೇಟೆಯು ಹೊರಗಿನವನಿಗೆ ಒಂದು ವಿನೋದ. ಅದು ಅವನ ಅನ್ನದ ಮಾರ್ಗವಲ್ಲ. ಒಂದೇ ರಾಷ್ಟ್ರವಾಗಿ ಬಾಳಲು ಅವಶ್ಯವಾದ ಮೂಲಭೂತ ಹಕ್ಕುಗಳ ಪೈಕಿಯೂ ಅದು ಬರುವುದಿಲ್ಲ ಎಂಬುದು ತೀರ್ಪಿನ ಸಾರ.

ಆದರೆ ಇದಕ್ಕೂ ಮೂವತ್ತು ವರ್ಷ ಮೊದಲು, 1948ರಲ್ಲಿ, ಅದೇ ನ್ಯಾಯಾಲಯದ ಮುಂದೆ ದಕ್ಷಿಣ ಕೆರೊಲಿನಾದ ಸಿಗಡಿ ಮೀನುಗಾರಿಕೆಯ ಪ್ರಕರಣವೊಂದು ಬಂದಿತ್ತು. ಅಲ್ಲಿನ ಕಾನೂನು ಸ್ಥಳೀಯ ದೋಣಿಗೆ 25 ಡಾಲರ್, ಹೊರರಾಜ್ಯದ ದೋಣಿಗೆ 2,500 ಡಾಲರ್ ಶುಲ್ಕ ವಿಧಿಸಿತ್ತು. ನೂರು ಪಟ್ಟು! ಸಮುದ್ರದ ಮೀನು ನಮ್ಮ ರಾಜ್ಯದ ಪ್ರಜೆಗಳ ಸಾಮೂಹಿಕ ಸ್ವತ್ತು ಎಂದು ರಾಜ್ಯವು ವಾದಿಸಿತು. ನ್ಯಾಯಾಲಯವು ಒಪ್ಪಲಿಲ್ಲ. ಹೊರಗಿನ ದೋಣಿಗಳ ಮೇಲುಸ್ತುವಾರಿಗೆ ಹೆಚ್ಚು ವೆಚ್ಚ ತಗಲುವುದಾದರೆ ಆ ಹೆಚ್ಚುವರಿಯಷ್ಟನ್ನು ಪಡೆಯಿರಿ. ದುಡಿಯಲು ಬಂದವನನ್ನು ಶುಲ್ಕದ ಹೆಸರಿನಲ್ಲಿ ಹೊರದಬ್ಬುವಂತಿಲ್ಲ ಎಂಬ ಅರ್ಥದಲ್ಲಿ ಆ ಶುಲ್ಕವನ್ನು ರದ್ದುಪಡಿಸಿತು.

ಬೇಟೆಗಾರನು ಸೋತದ್ದು ಅವನು ಮೋಜಿಗಾಗಿ ಬಂದವನೆಂದು, ಮೀನುಗಾರನು ಗೆದ್ದದ್ದು ಅವನು ಜೀವನೋಪಾಯಕ್ಕಾಗಿ ಬಂದವನೆಂದು. ಹೊರಗಿನವರಿಗೆ ಹೆಚ್ಚು ಶುಲ್ಕ ಹಾಕಿರೆಂದು ಅಮೆರಿಕದ ಬೇಟೆಯನ್ನು ಉದಾಹರಿಸುವ ನಮ್ಮ ಸ್ನೇಹಿತರು ಈ ಎರಡನೆಯ ತೀರ್ಪನ್ನು ನೋಡಿರಲಾರರು. ತಾಸಗಾಂವದ ಖರೀದಿದಾರನು ಎಲ್ಕ್ ಬೇಟೆಗಾರನಂತಲ್ಲ, ಸಿಗಡಿ ಹಿಡಿಯುವವನಂತೆ.

ಭಾರತದ ಸಂವಿಧಾನ ಏನು ಹೇಳುತ್ತದೆ

ನಮ್ಮಲ್ಲಿಯೂ ಇದೇ ಬಗೆಯ ಎರಡು ಧಾರೆಗಳಿವೆ. ಇಂದೋರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತ ರಾಜ್ಯದ ನಿವಾಸಿಗಳಲ್ಲದ ವಿದ್ಯಾರ್ಥಿಗಳಿಂದ ವರ್ಷಕ್ಕೆ 1,500 ರೂ. ಕ್ಯಾಪಿಟೇಶನ್ ಶುಲ್ಕ ಪಡೆಯಲಾಗುತ್ತಿತ್ತು. ನಿವಾಸಿಗಳಿಗೆ ಅದು ಇರಲಿಲ್ಲ. ಡಿ. ಪಿ. ಜೋಶಿ ಪ್ರಕರಣದಲ್ಲಿ 1955ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಜನ್ಮಸ್ಥಳದ ಆಧಾರದ ಮೇಲೆ ಭೇದ ಮಾಡುವುದು ಬೇರೆ, ವಾಸಸ್ಥಳದ ಆಧಾರದ ಮೇಲೆ ಮಾಡುವುದು ಬೇರೆ. ರಾಜ್ಯವು ತನ್ನ ಬೊಕ್ಕಸದಿಂದ ನಡೆಸುವ ಸಂಸ್ಥೆಯಲ್ಲಿ ತನ್ನ ನಿವಾಸಿಗಳಿಗೆ ರಿಯಾಯಿತಿ ನೀಡಬಹುದು ಎಂಬುದು ಅದರ ನ್ಯಾಯ. ಬೇಟೆಯ ಶುಲ್ಕದ ಹಿಂದಿರುವುದೂ ಇದೇ ತರ್ಕ. ನಮ್ಮ ಗೋಳಗುಮ್ಮಟದ ಟಿಕೆಟನ್ನೇ ನೋಡಿರಿ. 2018ರಲ್ಲಿ ನಿಗದಿಯಾದ ದರದಂತೆ ಭಾರತೀಯರಿಗೆ 25 ರೂ., ವಿದೇಶಿಯರಿಗೆ 300 ರೂ. ಅಲ್ಲಿಯೂ ಹನ್ನೆರಡು ಪಟ್ಟು. ಆದರೆ ಸೊಲ್ಲಾಪುರದವನಿಗೂ ತಿಕೋಟಾದವನಿಗೂ ಒಂದೇ ದರ. ಆ ಸ್ಮಾರಕವನ್ನು ಕಾಯುವುದು ಇಡೀ ದೇಶದ ತೆರಿಗೆಯ ಹಣ.

ವ್ಯಾಪಾರಕ್ಕೆ ಬಂದಾಗ ಮಾತ್ರ ಸಂವಿಧಾನದ ಧ್ವನಿಯೇ ಬದಲಾಗುತ್ತದೆ. 301ನೆಯ ಅನುಚ್ಛೇದದಂತೆ ಭಾರತದ ಉದ್ದಗಲಕ್ಕೂ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರ ಮುಕ್ತ. 304ನೆಯ ಅನುಚ್ಛೇದದಂತೆ ಹೊರರಾಜ್ಯದಿಂದ ಬಂದ ಸರಕಿನ ಮೇಲೆ ರಾಜ್ಯವು ತೆರಿಗೆ ಹಾಕುವುದಾದರೆ ಅಂಥದೇ ಸ್ಥಳೀಯ ಸರಕಿಗೂ ಆ ತೆರಿಗೆ ಇರಬೇಕು; ಎರಡರ ನಡುವೆ ಭೇದವೆಣಿಸುವಂತಿಲ್ಲ. ಸಾರ್ವಜನಿಕ ಹಿತಕ್ಕಾಗಿ ಬೇರೆ ಬಗೆಯ ನಿರ್ಬಂಧಗಳನ್ನು ತರಬೇಕೆಂದರೆ ಅವು ಸಮಂಜಸವಾಗಿರಬೇಕು, ಮಸೂದೆಗೆ ರಾಷ್ಟ್ರಪತಿಯವರ ಅನುಮತಿಯೂ ಬೇಕು.

ಸಣ್ಣ ತಯಾರಕರು ಅರಿತಿರಬೇಕಾದ ಒಂದು ಹಳೆಯ ಪ್ರಕರಣವಿದೆ. ಮದ್ರಾಸ್ ರಾಜ್ಯದಲ್ಲಿ ಹದಮಾಡಿದ ತೊಗಲಿಗೆ ಕಚ್ಚಾ ತೊಗಲಿನ ಬೆಲೆಯ ಮೇಲೆ ಮಾರಾಟ ತೆರಿಗೆ ಬೀಳುತ್ತಿತ್ತು. ಹೊರರಾಜ್ಯದಲ್ಲಿ ಹದಮಾಡಿ ತಂದ ತೊಗಲಿಗೆ ಹದಮಾಡಿದ ಮಾಲಿನ ಬೆಲೆಯ ಮೇಲೆ ಬೀಳುತ್ತಿತ್ತು. ಕಾಗದದ ಮೇಲೆ ದರವು ಒಂದೇ. ಕೊಡುವ ಹಣ ಬೇರೆ. ಮೆಹತಾಬ್ ಮಜೀದ್ ಪ್ರಕರಣದಲ್ಲಿ 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಭೇದಭಾವವೆಂದು ತಳ್ಳಿಹಾಕಿತು. ಮುಂದೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ 2016ರ ನವೆಂಬರ್‌ನಲ್ಲಿ, ತೆರಿಗೆಯೆಂಬ ಮಾತ್ರಕ್ಕೆ ಅದು ಮುಕ್ತ ವ್ಯಾಪಾರಕ್ಕೆ ಅಡ್ಡಿಯಲ್ಲ, ಭೇದವೆಣಿಸುವ ತೆರಿಗೆಯೇ ಅಡ್ಡಿ ಎಂದು ಬಹುಮತದಿಂದ ಸಾರಿತು. ಹೊಸ ಉದ್ದಿಮೆಗಳಿಗೆ ನಿರ್ದಿಷ್ಟ ಅವಧಿಗೆ ರಿಯಾಯಿತಿ ನೀಡುವಂಥ ಕ್ರಮಗಳನ್ನು ನ್ಯಾಯಾಲಯಗಳು ಒಪ್ಪಿವೆ. ಹೊರಗಿನವನೆಂಬ ಒಂದೇ ಕಾರಣಕ್ಕೆ ಹೊರೆ ಹೊರಿಸುವುದನ್ನು ಒಪ್ಪಿಲ್ಲ.

ನಮ್ಮ ಸ್ವಹಿತದ ಲೆಕ್ಕವನ್ನೂ ಇಲ್ಲಿಯೇ ಹಾಕಿಬಿಡಬಹುದು. ನಮ್ಮ ಒಣದ್ರಾಕ್ಷಿಯ ದೊಡ್ಡ ಪಾಲು ಮಹಾರಾಷ್ಟ್ರದ ಹರಾಜುಕಟ್ಟೆಗಳನ್ನು ಹಾಗೂ ಅಲ್ಲಿನ ಶೈತ್ಯಾಗಾರಗಳನ್ನು ಅವಲಂಬಿಸಿದೆ. ವಿಜಯಪುರದಲ್ಲಿ ಮಹಾರಾಷ್ಟ್ರದ ಖರೀದಿದಾರನಿಗೆ ಹೆಚ್ಚುವರಿ ಶುಲ್ಕ ಹಾಕಿದೆವೆಂದು ಭಾವಿಸೋಣ. ಅವನು ಆ ಹಣವನ್ನು ಕಿಲೋ ದರದಲ್ಲಿ ಇಳಿಸಿಯೇ ಕೂಗುತ್ತಾನೆ. ಹೊರೆ ಬೀಳುವುದು ಬೆಳೆಗಾರನ ಮೇಲೆ. ಕೂಗುವವರ ಸಂಖ್ಯೆ ಕಡಿಮೆಯಾದರೆ ಇಲ್ಲಿನ ಅಡತಿಯ ದಲ್ಲಾಲಿಯೂ ಇಳಿಯುತ್ತದೆ. ನಾಳೆ ಅವರೂ ಅದನ್ನೇ ನಮ್ಮ ಮಾಲಿಗೆ ಮಾಡಿದರೆ ಜತ್ತ ದಾಟುವ ಪ್ರತಿ ಲಾರಿಗೂ ತೊಂದರೆ. ಹೊರಗಿನವರು ಬಾರದಂತೆ ಮಾಡುವುದಕ್ಕಿಂತ ಅವರು ಇಲ್ಲಿಯೇ ಬಂದು ಕೊಳ್ಳುವಂತೆ ಶೈತ್ಯಾಗಾರ, ಗ್ರೇಡಿಂಗ್ ಯಂತ್ರ, ನಂಬಿಕೆಯ ತೂಕ ಇವುಗಳನ್ನು ಒದಗಿಸುವುದು ಲಾಭದಾಯಕವೆಂಬುದು ಈ ಲೇಖಕನ ದೃಢ ಅಭಿಪ್ರಾಯ.

ಗಡಿ ದಾಟುವವರು ಗಮನಿಸಬೇಕಾದ್ದು

ಭೇದದ ಶುಲ್ಕವಿಲ್ಲ ಎಂದರೆ ನಿಯಮವೇ ಇಲ್ಲ ಎಂದಲ್ಲ. ಹೊರರಾಜ್ಯದಲ್ಲಿ ವ್ಯವಹರಿಸುವವರಿಗೆ ಕೆಲವು ವಿಶೇಷ ಕಟ್ಟುಪಾಡುಗಳಿವೆ. ಅವು ಹೊರಗಿನವರ ಶುಲ್ಕದಂತೆ ತೋರಿದರೂ ಸ್ವರೂಪದಲ್ಲಿ ಬೇರೆ.

ಜಿ.ಎಸ್.ಟಿ. ಬಂದ 2017ರ ಜುಲೈ 1ರಿಂದ ರಾಜ್ಯದ ಪ್ರವೇಶ ತೆರಿಗೆಯು ಹೋಗಿದೆ. ನೋಂದಣಿಗೆ ಶುಲ್ಕವಿಲ್ಲ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಪಡೆಯಲೇಬೇಕು. ಕರ್ನಾಟಕದೊಳಗೆ ಸರಕು ಮಾರುವವರಿಗೆ ಇರುವ 40 ಲಕ್ಷ ರೂ. ಮಿತಿಯು ಇಲ್ಲಿ ಅನ್ವಯಿಸದು. ಕಂಪೋಜಿಶನ್ ಯೋಜನೆಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಮನೆಯಲ್ಲಿಯೇ ಒಣದ್ರಾಕ್ಷಿ ಪೊಟ್ಟಣ ಕಟ್ಟಿ ಸೊಲ್ಲಾಪುರದ ಅಂಗಡಿಗೆ ಕಳುಹಿಸುವ ಸಣ್ಣ ಉದ್ದಿಮೆದಾರರು ಎಡವುವ ಸ್ಥಳವಿದು.

ಸರಕನ್ನು ಇಲ್ಲಿಂದಲೇ ಬಿಲ್ ಮಾಡಿ ಕಳುಹಿಸಿದರೆ ಐ.ಜಿ.ಎಸ್.ಟಿ. ಸಾಕು. ಬದಲಾಗಿ ಮಾಲನ್ನು ಒಯ್ದು ಮಹಾರಾಷ್ಟ್ರದ ಪ್ರದರ್ಶನದಲ್ಲೋ ಜಾತ್ರೆಯಲ್ಲೋ ಮಳಿಗೆ ಹಾಕಿ ಮಾರುವುದಾದರೆ, ಅಲ್ಲಿ ಕಾಯಂ ವ್ಯಾಪಾರಸ್ಥಳವಿಲ್ಲದ ಕಾರಣ, ಆ ರಾಜ್ಯದಲ್ಲಿ ಸಾಂದರ್ಭಿಕ ತೆರಿಗೆದಾರನೆಂದು ನೋಂದಾಯಿಸಿಕೊಳ್ಳಬೇಕು. ವ್ಯಾಪಾರ ಆರಂಭಿಸುವುದಕ್ಕೆ ಕನಿಷ್ಠ 5 ದಿನ ಮೊದಲು ಅರ್ಜಿ ಸಲ್ಲಿಸಬೇಕು. ನೋಂದಣಿಯ ಗರಿಷ್ಠ ಅವಧಿ 90 ದಿನ. ಕಾರಣ ತೋರಿಸಿದರೆ ಮತ್ತೆ 90 ದಿನಗಳವರೆಗೆ ವಿಸ್ತರಣೆ ದೊರೆಯಬಹುದು. ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. 4 ಲಕ್ಷ ರೂ. ಒಣದ್ರಾಕ್ಷಿ ಮಾರುವ ಅಂದಾಜಿದ್ದರೆ ಶೇ. 5ರಂತೆ 20,000 ರೂ.; ಹೂಡುವಳಿ ತೆರಿಗೆಯ ಜಮೆ ಇದ್ದರೆ ಅಷ್ಟು ಕಡಿಮೆ. ರಿಟರ್ನ್ ಸಲ್ಲಿಸಿದ ಬಳಿಕ ಹೆಚ್ಚಾಗಿ ಕಟ್ಟಿದ ಹಣ ಮರಳುತ್ತದೆ. ಹೊರರಾಜ್ಯದ ಬೇಟೆಗಾರನ 225 ಡಾಲರಿಗೂ ಇದಕ್ಕೂ ಇರುವ ವ್ಯತ್ಯಾಸವು ಇದೇ: ಅದು ಮರಳದ ಬೆಲೆ, ಇದು ತೆರಬೇಕಾದ ತೆರಿಗೆಯ ಠೇವಣಿ. ಹಾಗೆಂದು ಮೂರು ತಿಂಗಳು ಬಂಡವಾಳ ಸಿಕ್ಕಿಕೊಳ್ಳುವ ಬಾಧೆಯನ್ನು ಅಲ್ಲಗಳೆಯುವಂತಿಲ್ಲ.

ಬೆಳೆಗಾರನೇ ತನ್ನ ಒಣದ್ರಾಕ್ಷಿಯನ್ನು ಪೂರೈಸಿದಲ್ಲಿ ಜಿ.ಎಸ್.ಟಿ. ಹೊಣೆಯಿಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿಯ 55ನೆಯ ಸಭೆಯು ಸ್ಪಷ್ಟಪಡಿಸಿದೆ. ದಾರಿಯಲ್ಲಿ ಪ್ರಶ್ನೆ ಬಂದರೆ ತೋರಿಸಲು ದ್ರಾಕ್ಷಿ ಬೆಳೆ ನಮೂದಾಗಿರುವ ಉತಾರದ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು ಜಾಣತನ. ಅದೇ ಮಾಲು ವರ್ತಕನ ಕೈಗೆ ಬಂದೊಡನೆ ತೆರಿಗೆಯು ಅನ್ವಯಿಸುತ್ತದೆ. ಆಗ ಮೌಲ್ಯವು 50,000 ರೂ. ಮೀರಿದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯ.

ಲಾರಿಯ ವಿಷಯ. 2010ಕ್ಕೆ ಮೊದಲು ರಾಷ್ಟ್ರೀಯ ಪರ್ಮಿಟ್‌ಗೆ ರಾಜ್ಯವೊಂದಕ್ಕೆ ವರ್ಷಕ್ಕೆ ಸಾಮಾನ್ಯವಾಗಿ 5,000 ರೂ.ನಂತೆ ಪ್ರತ್ಯೇಕವಾಗಿ ಕಟ್ಟಬೇಕಾಗಿತ್ತು. ಹೊರರಾಜ್ಯದ ವಾಹನದ ಶುಲ್ಕವೆಂದು ನಾವು ಕರೆಯಬಹುದಾದದ್ದು ಅದನ್ನೇ. 2010ರ ಮೇ ತಿಂಗಳಿಂದ ಇಡೀ ದೇಶಕ್ಕೆ ಸೇರಿ ಒಂದೇ ಶುಲ್ಕವಾಗಿ 15,000 ರೂ. ನಿಗದಿಯಾಗಿ, ಬಳಿಕ 16,500 ರೂ.ಗೆ ಏರಿತು, ಅಧಿಕಾರಪತ್ರದ ಶುಲ್ಕ 1,000 ರೂ. ಬೇರೆ. ಸಂಗ್ರಹವಾದ ಹಣವನ್ನು ಸೂತ್ರದಂತೆ ರಾಜ್ಯಗಳಿಗೆ ಹಂಚಲಾಗುತ್ತದೆ. ಒಂದು ನಿರ್ಬಂಧವನ್ನು ಚಾಲಕರಿಗೆ ತಿಳಿಸಿಹೇಳಬೇಕು: ಈ ಪರ್ಮಿಟ್ ಮೇಲೆ ಮತ್ತೊಂದು ರಾಜ್ಯದೊಳಗಿನ ಎರಡು ಊರುಗಳ ನಡುವೆ ಬಾಡಿಗೆ ಹೊಡೆಯುವಂತಿಲ್ಲ. ಸಾಂಗಲಿಯಲ್ಲಿ ಮಾಲು ಇಳಿಸಿದ ವಿಜಯಪುರದ ಲಾರಿಯು ಅಲ್ಲಿಂದ ಸೊಲ್ಲಾಪುರಕ್ಕೆ ಮಾಲು ಹೇರಿದರೆ ಅದು ಪರ್ಮಿಟ್ ಉಲ್ಲಂಘನೆ. ವಿಜಯಪುರಕ್ಕೆ ಹೇರಿಕೊಂಡು ಬಂದರೆ ತೊಂದರೆಯಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸಣ್ಣ ಸರಕು ವಾಹನಗಳಿಗೆ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮಿನಂತೆ ಪರ್ಮಿಟ್ಟೇ ಬೇಕಿಲ್ಲ. ತಿಕೋಟಾದಿಂದ ಹತ್ತಿಪ್ಪತ್ತು ಚೀಲ ಹೇರಿಕೊಂಡು ಹೋಗುವ ಟಾಟಾ ಏಸ್ ವಾಹನಗಳು ಈ ಮಿತಿಯೊಳಗೆ ಬರುತ್ತವೆ. ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆ ಪತ್ರ, ಚಾಲಕನ ಲೈಸೆನ್ಸ್ ಇವು ಮಾತ್ರ ಸರಿಯಾಗಿರಬೇಕು.

ಇಷ್ಟರ ಮೇಲೂ ದಾರಿಯಲ್ಲಾಗಲಿ ಪೇಟೆಯಲ್ಲಾಗಲಿ ಹೊರಗಿನವರೆಂಬ ಹೆಸರಿನಲ್ಲಿ ಯಾರಾದರೂ ಹೆಚ್ಚುವರಿ ಹಣ ಕೇಳಿದರೆ ಯಾವ ಕಾಯ್ದೆಯ ಯಾವ ಕಲಮಿನಂತೆ ಎಂದು ವಿನಯದಿಂದಲೇ ಕೇಳಿರಿ. ಸಂಖ್ಯೆಯುಳ್ಳ ರಸೀದಿಯನ್ನು ಪಡೆಯಿರಿ. ರಸೀದಿ ಕೊಟ್ಟರೆ ಅದರ ನೆರಳಚ್ಚು ಪ್ರತಿ, ದಿನಾಂಕ, ವಾಹನದ ಸಂಖ್ಯೆ ಹಾಗೂ ಸರಕಿನ ಬಿಲ್ಲನ್ನು ಒಟ್ಟಿಗೆ ಇರಿಸಿಕೊಳ್ಳಿರಿ. ಮುಂದೆ ಪ್ರಶ್ನಿಸಬೇಕಾಗಿ ಬಂದಲ್ಲಿ ಬಾಯಿಮಾತಿನ ದೂರಿಗಿಂತ ಆ ನಾಲ್ಕು ಕಾಗದಗಳಿಗೆ ತೂಕ ಹೆಚ್ಚು.